ಪೇಲ್, ಪೇಲವ, ಪಲಿತ: ಒಂದು ಹಳೆಯ ರಾಕ್ ಹಾಡು ಹಿಡಿದು ಹೊರಟಾಗ

ಗೆಳೆಯರೇ, ‘ಪೇಲವ’ ಅನ್ನುವ ಪದದ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ಆದರೆ ಅದು ನನ್ನ ತಲೆಗೆ ಹೊಕ್ಕಿದ್ದು ಒಂದು ಇಂಗ್ಲಿಷ್ ಹಾಡಿನಿಂದ. ಹಾಗಾಗಿ ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ತಾಳ್ಮೆ ಇರಲಿ.

ಅಣ್ಣನ ಮಗ ಕೀಬೋರ್ಡ್ ಕಲಿಯುತ್ತಿದ್ದಾನೆ. ರಜೆಗೆ ಹಾಸ್ಟೆಲಿನಿಂದ ಬಂದವನು ಎರಡು ದಿನದಿಂದ ಒಂದೇ ತುಣುಕನ್ನು ಅರೆಯುತ್ತಿದ್ದ. ಇಂಗ್ಲೆಂಡಿನ ರಾಕ್ ತಂಡ ಪ್ರೋಕೋಲ್ ಹಾರಂನ ‘ಎ ವೈಟರ್ ಶೇಡ್ ಆಫ್ ಪೇಲ್’ ಹಾಡಿನ ಶುರುವಿನ ಆರ್ಗನ್ ಭಾಗ. 1967ರ ಮೇ ತಿಂಗಳಲ್ಲಿ ಬಂದು, ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಿಂದ ಕದಲದೆ ಕೂತ ಹಾಡು. ಜರ್ಮನಿಯ ಹಳೆಯ ಸಂಗೀತಗಾರ ಬಾಖ್‌ನ ಸಂಗೀತ ಕೇಳಿದವರಿಗೆ ‘ಇದು ಎಲ್ಲೋ ಗೊತ್ತಿರೋದೇ’ ಅನ್ನಿಸುತ್ತದೆ.

“ಚಿಕ್ಕಪ್ಪ, ಸ್ವರ ಎಲ್ಲ ಕೈಗೆ ಸಿಕ್ತು. ಅರ್ಥ ಮಾತ್ರ ಸಿಗ್ತಿಲ್ಲ. ಇದು ಏನು ಹೇಳ್ತಿದೆ?” ಅಂದ.

ಇಷ್ಟೇನಾ ಅಂದುಕೊಂಡು ಕೂತೆ. ಮೊದಲ ಸಾಲಿನಲ್ಲೇ ಮುಗ್ಗರಿಸಿದೆ.

ಮೊದಲ ಸಾಲಿನಲ್ಲಿ ಹಾಡುವವನು ‘ಲೈಟ್ ಫ್ಯಾಂಡ್ಯಾಂಗೋ’ ಕುಣಿದೆವು ಅನ್ನುತ್ತಾನೆ. ಕ್ರಿಯಾಪದ ‘ಸ್ಕಿಪ್’. ಫ್ಯಾಂಡ್ಯಾಂಗೋ ಸ್ಪೇನಿನ ಜೋಡಿ ಕುಣಿತ. ಗಿಟಾರು, ಬೆರಳಿನಲ್ಲಿ ಹಿಡಿದು ಟಕಟಕ ಬಡಿಯುವ ಮರದ ಚಿಪ್ಪು, ಮೂರರ ಲೆಕ್ಕದ ತಾಳ. ಈ ಹಾಡಾದರೋ ನಾಲ್ಕರ ಲೆಕ್ಕದಲ್ಲಿ ಎಳೆದೆಳೆದು ಸಾಗುತ್ತದೆ. ಅದಕ್ಕೆ ಫ್ಯಾಂಡ್ಯಾಂಗೋ ಕುಣಿಯಲು ಹೋದರೆ ಕಾಲಿಗೆ ಕಾಲು ತೊಡರುವುದು ಗ್ಯಾರಂಟಿ. ಅಂದರೆ ಇಲ್ಲಿ ಬೇಕಾಗಿದ್ದು ಕುಣಿತವಲ್ಲ, ಅದರ ಸದ್ದು. ಎಂಟು ವರ್ಷದ ಮೇಲೆ, 1975ರಲ್ಲಿ, ಕ್ವೀನ್ ತಂಡದ ‘ಬೊಹೀಮಿಯನ್ ರಾಪ್ಸಡಿ’ಯಲ್ಲೂ ಒಬ್ಬ ವಿದೂಷಕನನ್ನು ಫ್ಯಾಂಡ್ಯಾಂಗೋ ಕುಣಿಯುತ್ತೀಯಾ ಎಂದು ಕೇಳುತ್ತಾರೆ. ಅಲ್ಲೂ ಸ್ಪೇನಿಗೂ ಹಾಡಿಗೂ ಏನೂ ಸಂಬಂಧವಿಲ್ಲ. ಬಾಯಿಗೆ ರುಚಿಯಾದ ಪದ, ಅಷ್ಟೇ.

ಆದರೆ ‘ಲೈಟ್’ ಎಲ್ಲಿಂದ ಬಂತು? ಇದು ಚೆನ್ನಾಗಿದೆ, ಕೇಳಿ. ಇಂಗ್ಲಿಷಿನಲ್ಲಿ ಕುಣಿಯುವುದಕ್ಕೆ ‘ಟ್ರಿಪ್ ದ ಲೈಟ್ ಫೆಂಟಾಸ್ಟಿಕ್’ ಅನ್ನುವ ಹಳೆಯ ಮಾತಿದೆ. ಬರೀ ವಿಶೇಷಣಗಳೇ ಇವೆ, ನಾಮಪದ ಎಲ್ಲಿ? ಅದು ಮಿಲ್ಟನ್ ಕವಿಯ ಹತ್ತಿರ ಉಳಿದುಬಿಟ್ಟಿದೆ. 1645ರಲ್ಲಿ ಅಚ್ಚಾದ ‘ಲಲೆಗ್ರೋ’ ಕವಿತೆಯಲ್ಲಿ ಅವನು ಹಗುರವಾದ, ಚಿತ್ರವಿಚಿತ್ರವಾಗಿ ಆಡುವ ಕಾಲ್ಬೆರಳ ಮೇಲೆ ಕುಣಿಯುತ್ತ ಬನ್ನಿ ಅನ್ನುತ್ತಾನೆ. ಲೈಟ್ ಮತ್ತು ಫೆಂಟಾಸ್ಟಿಕ್ ಎರಡೂ ಆ ಬೆರಳಿನ ಗುಣ. ‘ಟ್ರಿಪ್’ ಅಂದರೆ ಎಡವುವುದಲ್ಲ, ಹಗುರವಾಗಿ ಹೆಜ್ಜೆ ಹಾಕುವುದು. ಕಾಲ ಕಳೆದಂತೆ ಬೆರಳು ಉದುರಿಹೋಯಿತು, ಗುಣ ಮಾತ್ರ ಉಳಿಯಿತು. 1894ರ ನ್ಯೂಯಾರ್ಕಿನ ಬೀದಿ ಹಾಡೊಂದರಲ್ಲಿ ಆಗಲೇ ಬೆರಳಿಲ್ಲ.

ನಮಗೆ ಇದು ಹೊಸದೇನಲ್ಲ. ದರ್ಶಿನಿಯ ಕೌಂಟರಿನಲ್ಲಿ ನಿಂತು “ಎರಡು ಮಸಾಲೆ, ಒಂದು ಖಾಲಿ, ಆಮೇಲೊಂದು ಬೈಟೂ” ಅನ್ನುತ್ತೇವೆ. ದೋಸೆಯೂ ಇಲ್ಲ, ಕಾಫಿಯೂ ಇಲ್ಲ. ದುಡ್ಡು ಕೊಟ್ಟು ಖಾಲಿ ತಗೊಂಡು ಬರುತ್ತೇವೆ!

ಹಾಡು ಬರೆದ ಕೀತ್ ರೀಡ್ ಮಾಡಿದ್ದು ಇಷ್ಟು. ಟ್ರಿಪ್ ತೆಗೆದು ಸ್ಕಿಪ್ ಹಾಕಿದ. ಫೆಂಟಾಸ್ಟಿಕ್ ತೆಗೆದು ಅದೇ ‘ಫ’ಕಾರದಿಂದ ಶುರುವಾಗುವ ಫ್ಯಾಂಡ್ಯಾಂಗೋ ಇಟ್ಟ. ಹಳೆಯ ನುಡಿಗಟ್ಟಿನ ಗುಂಗು ಕಿವಿಯಲ್ಲಿ ಉಳಿಯಿತು, ಅರ್ಥ ಮಾತ್ರ ಒಂದಿಂಚು ಜಾರಿತು. ಹಾಡು ಪೂರ್ತಿ ಹೀಗೇ ಇದೆ. ಪಕ್ಕಕ್ಕೆ ಚಕ್ರದ ಹಾಗೆ ಲಾಗ ಹಾಕುತ್ತಾರೆ, ಹಡಗಿನಲ್ಲಿ ಕೂತವರ ಹಾಗೆ ಹೊಟ್ಟೆ ತೊಳಸುತ್ತದೆ, ಛಾವಣಿ ಹಾರಿಹೋಗುತ್ತದೆ, ಮಾಣಿ ತಟ್ಟೆ ತರುತ್ತಾನೆ. ನನ್ನ ಪ್ರಕಾರ ಇದು ಕುಡಿದು ತಲೆ ತಿರುಗಿದ ಒಂದು ರಾತ್ರಿಯ ಪಾರ್ಟಿ, ಒಬ್ಬ ಗಂಡು, ಒಬ್ಬ ಹೆಣ್ಣು. ಅದಕ್ಕಿಂತ ದೊಡ್ಡ ಗುಟ್ಟು ಇದರಲ್ಲಿ ಇಲ್ಲ.

ಗುಟ್ಟು ಹುಡುಕುವವರಿಗೇನೂ ಬರ ಇಲ್ಲ. ಪಲ್ಲವಿಯಲ್ಲಿ ಗಿರಣಿಯವನೊಬ್ಬ ಕಥೆ ಹೇಳುತ್ತಾನೆ, ಅದನ್ನು ಕೇಳುತ್ತ ಅವಳ ಮುಖ ಬಿಳಿಚುತ್ತದೆ. ಗಿರಣಿಯವನ ಕಥೆ ಅಂದಕೂಡಲೇ ಇಂಗ್ಲಿಷ್ ಓದಿದವರಿಗೆ ಹಳೆಯ ಕವಿ ಚಾಸರ್ ನೆನಪಾಗುತ್ತಾನೆ. ‘ಕ್ಯಾಂಟರ್‌ಬರಿ ಟೇಲ್ಸ್’ನಲ್ಲಿ ಕುಡಿದ ಗಿರಣಿಯವನು ಹೇಳುವ ಪೋಲಿ ಕಥೆ ಪ್ರಸಿದ್ಧ. ಮುದಿ ಬಡಗಿ, ಎಳೆ ಹೆಂಡತಿ, ಮನೆಯಲ್ಲೇ ಬಾಡಿಗೆಗಿರುವ ಚಾಲಾಕಿ ವಿದ್ಯಾರ್ಥಿ. ಇದನ್ನೇ ಬೀಗದಕೈ ಮಾಡಿಕೊಂಡು ಹಾಡನ್ನೆಲ್ಲ ತೆರೆದವರಿದ್ದಾರೆ. ಆದರೆ ರೀಡ್ ತಾನು ಆ ಕಥೆಯನ್ನು ಓದೇ ಇರಲಿಲ್ಲ ಎಂದು ಆಮೇಲೆ ಹೇಳಿದ. ಪಾರ್ಟಿಯೊಂದರಲ್ಲಿ ಯಾರೋ ಒಬ್ಬರು ಒಬ್ಬ ಹೆಂಗಸಿಗೆ ಹೇಳಿದ ಮಾತು ಕಿವಿಗೆ ಬಿತ್ತು, ಅದೇ ಹಾಡಿನ ಶೀರ್ಷಿಕೆ ಆಯಿತು, ಉಳಿದದ್ದನ್ನು ಅದರ ಸುತ್ತ ಜೋಡಿಸಿದೆ ಅನ್ನುವುದು ಅವನ ವಿವರಣೆ. ಮುಂಡಿಗೆ ಬಿಡಿಸಿ ಅಭ್ಯಾಸ ಇರುವ ನಮಗೆ ಇದು ಸ್ವಲ್ಪ ನಿರಾಸೆಯೇ. ಕನಕದಾಸರ ಮುಂಡಿಗೆಗೆ ಉತ್ತರ ಇರುತ್ತದೆ. ಇದಕ್ಕೆ ಇಲ್ಲ.

ಇನ್ನೊಂದು ಒಗಟು ಹದಿನಾರು ‘ವೆಸ್ಟಲ್ ವರ್ಜಿನ್ಸ್’. ಹಳೆಯ ರೋಮಿನಲ್ಲಿ ಒಲೆಯ ದೇವತೆ ವೆಸ್ಟಾಳ ಬೆಂಕಿ ಆರದಂತೆ ಕಾಯುತ್ತಿದ್ದ ಕನ್ಯೆಯರು ಇವರು. ಆರರಿಂದ ಹತ್ತು ವರ್ಷದೊಳಗಿನ ಹುಡುಗಿಯರನ್ನು ಆರಿಸುತ್ತಿದ್ದರು. ಮೂವತ್ತು ವರ್ಷ ಸೇವೆ, ಅಷ್ಟೂ ಕಾಲ ಮದುವೆ ಇಲ್ಲ. ಒಂದು ಕಾಲಕ್ಕೆ ಇರುತ್ತಿದ್ದುದು ಆರೇ ಜನ. ಹಾಡಿನಲ್ಲಿ ಹದಿನಾರು ಹೇಗಾಯಿತು? ಆ ಸಾಲನ್ನು ಹಾಡಿಕೊಂಡು ನೋಡಿ. ‘ಸಿಕ್ಸ್’ ಅಂದರೆ ಒಂದು ಮಾತ್ರೆ ಕಡಿಮೆ ಬೀಳುತ್ತದೆ, ‘ಸಿಕ್ಸ್‌ಟೀನ್’ ಸರಿಯಾಗಿ ಕೂರುತ್ತದೆ. ಆದಿಪ್ರಾಸಕ್ಕಾಗಿ ಪದ ಹಿಗ್ಗಿಸಿದ ನಮ್ಮ ಕವಿಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಅಂದ ಹಾಗೆ ತಂಡದ ಹೆಸರೂ ಇದೇ ಜಾತಿಯದು. ಒಂದು ಬೆಕ್ಕಿನ ಹೆಸರಿನಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ‘ಇವೆಲ್ಲದರಿಂದ ದೂರ’ ಎಂದು ಅರ್ಥ ಎಂದು ಅಭಿಮಾನಿಗಳು ನಂಬಿದ್ದರು. ‘ಪ್ರೋಕುಲ್’ ಅಂದರೆ ದೂರ, ಅದು ಸರಿ. ಆದರೆ ‘ಹಾರುಂ’ ಷಷ್ಠಿ ವಿಭಕ್ತಿ, ಸ್ತ್ರೀಲಿಂಗ, ಬಹುವಚನ. ಅರ್ಥ ‘ಇವರುಗಳ’. ಇವರುಗಳ ದೂರ! ವಿಭಕ್ತಿ ತಪ್ಪಿದ ಬೆಕ್ಕು.

ಈಗ ಅಸಲು ವಿಷಯ. ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳು ಎಂದು ಹುಡುಗ ಹಟ ಹಿಡಿದ. ಮೊದಲು ಅದರ ತಮಾಷೆ ನೋಡಿ. ‘ಶೇಡ್ ಆಫ್’ ಆದಮೇಲೆ ಇಂಗ್ಲಿಷಿನಲ್ಲಿ ಬಣ್ಣದ ಹೆಸರು ಬರಬೇಕು, ನೀಲಿಯೋ ಹಸಿರೋ. ಪೇಲ್ ಬಣ್ಣವೇ ಅಲ್ಲ, ಬಣ್ಣ ಇಳಿದುಹೋದ ಸ್ಥಿತಿ. ಬಣ್ಣ ಹೋದದ್ದರಲ್ಲೂ ಒಂದು ಛಾಯೆ, ಆ ಛಾಯೆಯಲ್ಲೂ ಇನ್ನಷ್ಟು ಬಿಳಿ. ಹಾಗಾಗಿಯೇ ಆ ಮಾತು ಕಿವಿಗೆ ಅಂಟಿಕೊಳ್ಳುತ್ತದೆ.

ನಾನು ತಕ್ಷಣ ‘ಪೇಲವ’ ಅಂದೆ. ಹುಡುಗ ನಕ್ಕ. “ಅದು ಪೇಲ್‌ಗೆ ನೀವು ‘ವ’ ಸೇರಿಸಿದ್ದು ತಾನೇ?”

ಅಲ್ಲ ಕಣೋ, ಅದು ಸಂಸ್ಕೃತ. ಪೇಲವ ಅಂದರೆ ಅಲ್ಲಿ ಕೋಮಲ, ನವಿರು. ಕಾಳಿದಾಸನ ಕುಮಾರಸಂಭವದ ಐದನೇ ಸರ್ಗದಲ್ಲಿ ಪಾರ್ವತಿ ತಪಸ್ಸಿಗೆ ಹೊರಟಾಗ ತಾಯಿ ಮೇನೆ ತಡೆಯುತ್ತಾಳೆ. ‘ಪೇಲವಂ ಶಿರೀಷಪುಷ್ಪಂ’, ನವಿರಾದ ಬಾಗೆ ಹೂವು ದುಂಬಿಯ ಕಾಲನ್ನು ತಡೆದುಕೊಂಡೀತು, ಹಕ್ಕಿಯ ಕಾಲನ್ನಲ್ಲ ಅನ್ನುತ್ತಾಳೆ. ಅಲ್ಲಿ ಪೇಲವ ಅಂದರೆ ಮುದ್ದಿನ ಮಾತು. ಕನ್ನಡಕ್ಕೆ ಬಂದು ನವಿರು ಹೋಗಿ ನಿಶ್ಶಕ್ತಿ ಉಳಿದಿದೆ. ಪೇಲವ ನಗೆ, ಪೇಲವ ವಾದ, ನಾಟಕದ ಎರಡನೇ ಅಂಕ ಪೇಲವ. ಜೊತೆಗೆ ಪೇಲವ ಮುಖ. ಇಲ್ಲಿ ಬಣ್ಣವೂ ಸೇರಿಕೊಂಡಿದೆ, ಅಲ್ವಾ? ಇಂಗ್ಲಿಷ್ ಬಲ್ಲ ಕಿವಿಗಳು ಪೇಲವದಲ್ಲಿ ‘ಪೇಲ್’ ಕೇಳಿಸಿಕೊಂಡು ಅದನ್ನು ಬಣ್ಣದ ಕಡೆಗೆ ಎಳೆದಿವೆ ಎಂಬುದು ನನ್ನ ಗುಮಾನಿ.

ಪೇಲ್‌ಗೆ ಸಂಸ್ಕೃತದಲ್ಲಿ ನಿಜವಾದ ನೆಂಟ ಬೇರೆಯೇ ಇದೆ. ಇಂಗ್ಲಿಷಿನ ಪೇಲ್ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಪಲ್ಲಿಡುಸ್’ನಿಂದ ಬಂದದ್ದು. ಅದರ ಮೂಲ ಧಾತುವಿಗೆ ಬೂದು, ಮಾಸಲು ಎಂಬ ಅರ್ಥ. ಅದೇ ಧಾತುವಿನಿಂದ ಸಂಸ್ಕೃತದಲ್ಲಿ ಹುಟ್ಟಿದ್ದು ‘ಪಲಿತ’, ಅಂದರೆ ನರೆತದ್ದು. ಭಜಗೋವಿಂದಂ ಕೇಳಿದ ಎಲ್ಲರಿಗೂ ಇದು ಬಾಯಿಗೆ ಬರುತ್ತದೆ: ‘ಅಂಗಂ ಗಲಿತಂ ಪಲಿತಂ ಮುಂಡಂ’. ಮೈ ಕುಗ್ಗಿತು, ತಲೆ ನರೆಯಿತು. ಸದ್ದಿನಲ್ಲಿ ಅವಳಿಯಂತಿರುವ ಪೇಲವ ಹೊರಗಿನವನು, ದೂರ ಕಾಣುವ ಪಲಿತ ಒಡಹುಟ್ಟಿದವನು.

ಇಷ್ಟು ಪಾಂಡಿತ್ಯ ಬಿಚ್ಚಿದರೂ ಶೀರ್ಷಿಕೆಗೆ ಕನ್ನಡ ಸಿಗಲಿಲ್ಲ. ಪೇಲವ ಸಾಲದು, ವಿವರ್ಣ ಪಂಡಿತರ ಮಾತು, ಕಳೆಗುಂದಿದ ಅಂದರೆ ತೀರಾ ಮೆತ್ತಗಾಯಿತು. ಅಷ್ಟರಲ್ಲಿ ನಮ್ಮಮ್ಮ ಒಳಗಿನಿಂದ ಬಂದು ಮೊಮ್ಮಗನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. “ಅಲ್ವೋ, ಇಷ್ಟು ಬೆಳ್ಳಗೆ ಬಿಳಿಚಿಕೊಂಡಿದ್ದೀಯಲ್ಲ, ಹಾಸ್ಟೆಲಲ್ಲಿ ಸರಿಯಾಗಿ ಊಟ ಹಾಕ್ತಾರೋ ಇಲ್ವೋ?”

ನಾನೂ ಅವನೂ ಮುಖ ಮುಖ ನೋಡಿಕೊಂಡೆವು. ‘ಬೆಳ್ಳಗೆ ಬಿಳಿಚಿ.’ ಬೆಳ್ಳಗೆ, ಬಿಳಿಚು ಎರಡೂ ‘ಬಿಳಿ’ಯ ಮನೆಯವೇ. ಬಿಳಿಚಿದ್ದರಲ್ಲೂ ಇನ್ನೊಂದು ಹಂತದ ಬಿಳಿ. ಶೀರ್ಷಿಕೆ ಪೂರ್ತಿ ಅದರಲ್ಲಿ ಕೂತಿದೆ. ಅಮ್ಮನಿಗೆ ಹೇಳಿದರೆ “ಹಾಡು ಹಾಳಾಗ್ಲಿ, ಮೊದಲು ಹಾಲು ಕುಡಿ” ಅಂದರು.

ಆದರೂ ಒಂದು ಕೊರತೆ ಇದೆ. ನಮ್ಮಲ್ಲಿ ಬಿಳಿಚಿಕೊಳ್ಳುವುದು ಕಾಯಿಲೆಗೆ, ರಕ್ತ ಕಡಿಮೆಯಾದಾಗ. ಕೇಳಬಾರದ್ದು ಕೇಳಿದಾಗ ಕನ್ನಡದ ಮುಖ ಅಷ್ಟಾಗಿ ಬಿಳಿಚುವುದಿಲ್ಲ. ಅದು ಕಪ್ಪಿಡುತ್ತದೆ, ಹುಳ್ಳಗಾಗುತ್ತದೆ, ಸಣ್ಣಗಾಗುತ್ತದೆ, ಪೆಚ್ಚಾಗುತ್ತದೆ. ಗಿರಣಿಯವನ ಕಥೆ ಕೇಳಿದವಳು ನಮ್ಮೂರಿನವಳಾಗಿದ್ದರೆ ಅವಳ ಮುಖ ಮೊದಲು ಹುಳ್ಳಗಾಗಿ ಆಮೇಲೆ ಕಪ್ಪಿಡುತ್ತಿತ್ತು. ಆಗ ಈ ಹಾಡಿನ ಹೆಸರೇ ಬೇರೆ ಆಗುತ್ತಿತ್ತು.

ಹಾಗಾಗಿ ನಿಮಗೆ ಎರಡು ಪ್ರಶ್ನೆ. ನಿಮ್ಮ ಕಡೆ ಪೇಲವ ಅಂದಾಗ ಮೊದಲು ಹೊಳೆಯುವುದು ಬಣ್ಣವೋ ಬಲವೋ? ಇಂಗ್ಲಿಷ್ ಬಾರದ ಹಿರಿಯರ ಬಾಯಲ್ಲಿ ಕೇಳಿದ ಮಾತಿದ್ದರೆ ಇನ್ನೂ ಒಳ್ಳೆಯದು. ಹಾಗೇ ಗಾಬರಿಗೆ ಮುಖ ‘ಬಿಳಿಚಿತು’ ಎನ್ನುವುದು ಧಾರವಾಡ, ಕಲಬುರಗಿ, ಕರಾವಳಿ ಕಡೆಯ ಮನೆಮಾತಿನಲ್ಲಿ ಇದೆಯೇ? ಹುಡುಗ ಭಾನುವಾರ ಹಾಸ್ಟೆಲಿಗೆ ವಾಪಸ್ ಹೊರಡುತ್ತಾನೆ, ಅಷ್ಟರೊಳಗೆ ಹೇಳಿದರೆ ಅವನಿಗೂ ಓದಿ ಹೇಳುತ್ತೇನೆ.