ಶೆಟ್ಟಿಹಳ್ಳಿ, ಅಯ್ಯನಕೆರೆ, ಭದ್ರಾ ಹಿನ್ನೀರು: ಆ್ಯಪ್ ನಂಬಿಕೊಂಡು ಹೋಗಬಹುದಾ?

ಹಾಸನದ ಸೊಸೆ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಗೆ ಅತ್ತೆ, ಮಾವ, ಮಕ್ಕಳನ್ನು ಕರ್ಕೊಂಡು ಹೊರಡಬೇಕು ಅಂತಿದ್ದೀವಿ. ಪ್ರವಾಸದ ಆ್ಯಪ್ ಒಂದರಲ್ಲಿ ಹಾಸನ ಅಂತ ಹಾಕಿದ್ರೆ ಶೆಟ್ಟಿಹಳ್ಳಿ ಚರ್ಚು, ಅಯ್ಯನಕೆರೆ, ಭದ್ರಾ ಡ್ಯಾಮ್ ಇರೋ ಲಕ್ಕವಳ್ಳಿ ಮೂರನ್ನೂ ಒಂದೇ ದಿನಕ್ಕೆ ಜೋಡಿಸಿ ಕೊಡುತ್ತೆ. ಚರ್ಚಿನ ಒಂದು ಫೋಟೊದಲ್ಲಿ ಗೋಡೆ ಅರ್ಧ ಮುಳುಗಿದೆ. ಇನ್ನೊಂದರಲ್ಲಿ ಸುತ್ತ ಒಣ ನೆಲ, ಪಕ್ಕದಲ್ಲೇ ಕಾರು ನಿಂತಿದೆ. ಯಾವುದನ್ನ ನಂಬೋದು? ಮಾವನಿಗೆ ಮಂಡಿನೋವು, ಜಾಸ್ತಿ ನಡೆಯೋಕಾಗಲ್ಲ. ಮಗಳಿಗೆ ಭದ್ರಾ ನಡುಗಡ್ಡೆಯ ಹಕ್ಕಿಗಳನ್ನು ನೋಡೋ ಆಸೆ. ನೀರು ಎಷ್ಟಿದೆ ಅಂತ ಮೊದಲೇ ಗೊತ್ತಾಗೋ ದಾರಿ ಇದ್ರೆ ಹೇಳಿ.

ಸಖರಾಯಪಟ್ಟಣದವ:
ಅಕ್ಕಾ, ಎರಡು ಫೋಟೊನೂ ನಿಜ, ತಿಂಗಳು ಬೇರೆ ಅಷ್ಟೆ. ಶೆಟ್ಟಿಹಳ್ಳಿ ಇರೋದು ಹೇಮಾವತಿ ನದಿಯ ಗೊರೂರು ಡ್ಯಾಮಿನ ಹಿನ್ನೀರಲ್ಲಿ. ಮುಂಗಾರಿಗೆ ಹೇಮಾವತಿ ತುಂಬಿದಾಗ ಚರ್ಚಿಗೆ ನೀರು ನುಗ್ಗುತ್ತೆ. ನಾಲೆಗೆ ನೀರು ಬಿಡ್ತಾ ಹೋದ ಹಾಗೆ ನೆಲ ಕಾಣುತ್ತೆ. ಆ್ಯಪಿನ ನಕ್ಷೆಯಲ್ಲಿ ಮಾತ್ರ ವರ್ಷವಿಡೀ ಅದೇ ನೀಲಿ ಬಣ್ಣ.

ಅದಕ್ಕೇ ಮೊದಲು ನೀರಿನ ಮಟ್ಟ ನೋಡಿ. ಪೇಪರಲ್ಲಿ ಬರುತ್ತೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವೆಬ್‌ಸೈಟಲ್ಲೂ ಸಿಗುತ್ತೆ. ಗೊರೂರಿನ ಪೂರ್ತಿ ಮಟ್ಟ 2,922 ಅಡಿ, ಅದು ಸಮುದ್ರಮಟ್ಟದಿಂದ ಲೆಕ್ಕ. ಭದ್ರಾದ್ದು 186 ಅಡಿ, ಅದು ಡ್ಯಾಮಿನದೇ ಅಳತೆ. ಗೊರೂರಿನ ಮಟ್ಟ 2,922ರ ಹತ್ತಿರ ಇದ್ರೆ ಚರ್ಚನ್ನು ದಡದಿಂದಲೇ ನೋಡಬೇಕು.

ನೆಲ ಕಂಡ ತಕ್ಷಣ ಇಳಿಯಬೇಡಿ. ನೀರು ಈಗಷ್ಟೇ ಬಿಟ್ಟ ಜಾಗ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತೆ, ಕೆಳಗೆ ಹೂಳು ಹಸಿಯಾಗೇ ಇರುತ್ತೆ. ದನ ಓಡಾಡಿರೋ ಕಡೆ ಮಾತ್ರ ಹೋಗಿ. ಗೊರಸು ಆಳಕ್ಕೆ ಇಳಿದಿದ್ರೆ ಅಲ್ಲೇ ನಿಂತುಬಿಡಿ. ಮಕ್ಕಳನ್ನಂತೂ ನೀರಿಗೆ ಬಿಡಲೇಬೇಡಿ. ಮುಳುಗಿರೋ ಹಳೇ ಹೊಳೆಯ ಪಾತ್ರ, ಹಳ್ಳ ಎಲ್ಲಿದೆ ಅಂತ ಮೇಲಿಂದ ಕಾಣಲ್ಲ. ಮೊಣಕಾಲುದ್ದ ನೀರು ಅಂದುಕೊಂಡಿರ್ತೀರಿ, ಮುಂದಿನ ಹೆಜ್ಜೆಗೇ ಆಳ. ಚರ್ಚಿನ ಗೋಡೆ ವರ್ಷ ವರ್ಷ ನೆನೆದು ಒಂದಷ್ಟು ಬಿದ್ದೂ ಹೋಗಿದೆ. ಬುಡದಲ್ಲಿ ನಿಂತು ಫೋಟೊ ಬೇಡ.

ನಮ್ಮ ಅಯ್ಯನಕೆರೆ ಹಾಗಲ್ಲ. ಇದು ಹಳೇ ಕಾಲದ ಕೆರೆ, 1156ರಲ್ಲಿ ಹೊಯ್ಸಳರ ಕಾಲದಲ್ಲಿ ದುರಸ್ತಿ ಆಗಿದ್ದು. ನಮ್ಮೂರಿಗೆ ಮಳೆ ಕಡಿಮೆ, ಕೆರೆ ತುಂಬೋದು ಬಾಬಾಬುಡನ್‌ಗಿರಿ ಕಡೆ ಸುರಿದಾಗ. ಹಾಗಾಗಿ ಹವಾಮಾನದ ಆ್ಯಪಲ್ಲಿ ಸಖರಾಯಪಟ್ಟಣ ಹಾಕಿದ್ರೆ ಏನೂ ತಿಳಿಯಲ್ಲ, ಗಿರಿ ಕಡೆಯದ್ದು ಹಾಕಿ ನೋಡಿ. ಕೋಡಿ ಬಿದ್ದಿದೆಯಾ ಅಂತ ಊರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಬೆಳಿಗ್ಗೆ ಬೇಗ ಬನ್ನಿ. ಇಷ್ಟು ಅಗಲದ ನೀರಿನ ಮೇಲೆ ಗಾಳಿಗೆ ತಡೆ ಇಲ್ಲ, ಹೊತ್ತೇರಿದ ಮೇಲೆ ಅಲೆ ಎದ್ದು ಏರಿಗೆ ಬಡಿಯುತ್ತೆ. ಗಾಳಿ ಏಳೋ ಮುಂಚೆ ಶಕುನಗಿರಿ ಬೆಟ್ಟದ ನೆರಳು ಪೂರ್ತಿ ನೀರಲ್ಲಿ ಕಾಣುತ್ತೆ. ಮಾವ ಏರಿ ಮೇಲೆ ಕೂತೇ ನೋಡಬಹುದು, ನಡೆಯೋದೇನೂ ಇಲ್ಲ.

ತರೀಕೆರೆ ಹಕ್ಕಿ:
ಡಿಸೆಂಬರಿಗೆ ಲಕ್ಕವಳ್ಳಿ ಬಿಟ್ಟುಬಿಡಿ ಮೇಡಂ, ಮಗಳಿಗೆ ನಿರಾಸೆ ಆಗುತ್ತೆ. ಅಲ್ಲಿನ ನಡುಗಡ್ಡೆಯ ಹಕ್ಕಿಗಳು, ಅಂದ್ರೆ ರಿವರ್ ಟರ್ನ್‌ಗಳು, ಮೊಟ್ಟೆ ಇಡೋದು ಭದ್ರಾ ನೀರು ಇಳಿದು ನಡುಗಡ್ಡೆಗಳು ಬಯಲಾದ ಮೇಲೆ. ಗೂಡು ಗೀಡು ಕಟ್ಟಲ್ಲ, ಬರೀ ನೆಲದಲ್ಲೇ ಇಡ್ತವೆ. ಬೇಸಿಗೆಗೆ ಬನ್ನಿ. ಇ-ಬರ್ಡ್ ಆ್ಯಪಲ್ಲಿ ಭದ್ರಾ ಹುಡುಕಿದ್ರೆ ಇತ್ತೀಚೆಗೆ ಯಾವ ಹಕ್ಕಿ ಕಂಡಿದೆ ಅಂತ ಸಿಗುತ್ತೆ. ನಡುಗಡ್ಡೆ ಎದ್ದಿದೆಯಾ ಅಂತ ಮನೆಯಲ್ಲೇ ನೋಡಬೇಕಾದ್ರೆ ಕೋಪರ್ನಿಕಸ್ ಬ್ರೌಸರ್ ಅಂತ ವೆಬ್‌ಸೈಟ್ ಇದೆ, ದುಡ್ಡು ಕೊಡಬೇಕಿಲ್ಲ. ಸೆಂಟಿನೆಲ್-2 ಉಪಗ್ರಹದ ಚಿತ್ರ ಸುಮಾರು 5 ದಿನಕ್ಕೊಮ್ಮೆ ಹೊಸದು ಬರುತ್ತೆ, ತಾರೀಖೂ ಇರುತ್ತೆ. ಮೋಡ ಇದ್ರೆ ಮಾತ್ರ ಕಾಣಲ್ಲ. ಹೊರಡೋ ಮುಂಚೆ ಗೂಗಲ್ ಮ್ಯಾಪ್ಸಲ್ಲಿ ಆ ಕಡೆಯ ನಕ್ಷೆ ಇಳಿಸಿಕೊಳ್ಳಿ, ಕಾಡಿನ ಕಡೆ ನೆಟ್‌ವರ್ಕ್ ನಂಬೋಕಾಗಲ್ಲ.

ಹಾಸನದ ಸೊಸೆ:
ತುಂಬಾ ಥ್ಯಾಂಕ್ಸ್. ಹಾಗಾದ್ರೆ ಈಗ ಶೆಟ್ಟಿಹಳ್ಳಿ ಒಂದು ದಿನ, ಅಯ್ಯನಕೆರೆ ಇನ್ನೊಂದು ದಿನ. ಹಕ್ಕಿ ನೋಡೋದು ಬೇಸಿಗೆ ರಜೆಗೆ. ಮಗಳನ್ನ ಒಪ್ಪಿಸಿದೆ.

ಸಖರಾಯಪಟ್ಟಣದವ:
ಒಳ್ಳೇದಾಯ್ತು ಅಕ್ಕಾ. ಹೋಗಿಬಂದ ಮೇಲೆ ಆ ಆ್ಯಪಲ್ಲಿ ಫೋಟೊ ಹಾಕ್ತೀರಲ್ವಾ, ಜೊತೆಗೆ ತಾರೀಖು, ಅವತ್ತಿನ ನೀರಿನ ಮಟ್ಟ ಎರಡನ್ನೂ ಬರೀರಿ. ಮುಂದೆ ಹೋಗೋರಿಗೆ ಬೇಕಾಗೋದು ಅದೇ.