ಸಹಾಯ ಬೇಕು: ಮಡಿಕೇರಿ ಮಳೆಗಾಲ, ಗ್ಯಾಲರಿಯ ಜಲವರ್ಣ ಚಿತ್ರಗಳಿಗೆ ಬೂಷ್ಟು

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ನಮ್ಮ ಗ್ಯಾಲರಿ 400 ಚದರ ಅಡಿ, ಹಂಚಿನ ಮಾಡು, ಕೆಳಗೆ ಮರದ ಸೀಲಿಂಗ್. ಜುಲೈನಲ್ಲಿ ಒಳಗಿನ ತೇವಾಂಶ ಶೇ. 85ರಿಂದ ಇಳಿಯುವುದೇ ಇಲ್ಲ, ತಾಪಮಾನ 18–19 ಡಿಗ್ರಿ. ಶೇ. 65 ದಾಟಿದರೆ ಕಾಗದಕ್ಕೆ ಬೂಷ್ಟು ಹಿಡಿಯುವ ಭಯ.

ಈಗಾಗಲೇ ಮಾಡಿರುವುದು: ಗಾಜಿಗೂ ಕಾಗದಕ್ಕೂ ನಡುವೆ 3 ಮಿ.ಮೀ. ಆಮ್ಲರಹಿತ ಮೌಂಟ್ (ಚಿತ್ರದ ಸುತ್ತ ಇಡುವ ರಟ್ಟಿನ ಚೌಕಟ್ಟು), ಫ್ರೇಮಿನ ಕೆಳಮೂಲೆಗಳ ಹಿಂದೆ ಬಿರಡೆ ತುಂಡು ಅಂಟಿಸಿ ಗೋಡೆಯಿಂದ 1 ಸೆಂ.ಮೀ. ಅಂತರ. ಪಶ್ಚಿಮದ ಗೋಡೆ ಪೂರ್ತಿ ಖಾಲಿ. ಮಳೆ ಹೊಡೆತ ಅಲ್ಲೇ. ತೇವ ಹೀರುವ ಸಿಲಿಕಾ ಜೆಲ್ ಹರಳು ಮುಚ್ಚಿದ ಪೆಟ್ಟಿಗೆಯೊಳಗೆ ಸರಿ, ತೆರೆದ ಕೋಣೆಗೆ ದಂಡ. ಕರ್ಪೂರ, ನುಸಿಗುಳಿಗೆ ಸಲಹೆ ದಯವಿಟ್ಟು ಬೇಡ, ಅವು ತೇವ ಹೀರುವುದಿಲ್ಲ.

ಪ್ರಶ್ನೆ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಬಗ್ಗೆ. ಗಾಳಿಯನ್ನು ತಂಪಾಗಿಸಿ ನೀರು ಇಳಿಸುವ ಕಂಪ್ರೆಸರ್ ಮಾದರಿ ಥಂಡಿಯಲ್ಲಿ ಸೋಲುತ್ತದೆ, ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ. ತೇವ ಹೀರುವ ವಸ್ತು ಬಳಸುವ ಡೆಸಿಕೆಂಟ್ ಮಾದರಿ ಥಂಡಿಗೆ ಒಗ್ಗುತ್ತದೆ, ಆದರೆ ಕರೆಂಟು ಜಾಸ್ತಿ ತಿನ್ನುತ್ತದೆ, ಕೋಣೆಯೂ ಬಿಸಿಯಾಗುತ್ತದೆ. ಕೊಡಗು, ಚಿಕ್ಕಮಗಳೂರು ಕಡೆ ಯಾವುದನ್ನು ಬಳಸುತ್ತಿದ್ದೀರಿ? ದಿನಕ್ಕೆ ಎಷ್ಟು ಲೀಟರ್ ನೀರು ಬರುತ್ತದೆ? ಕರೆಂಟು ಹೋದಾಗ ಇನ್ವರ್ಟರ್ ತಡೆಯುತ್ತದಾ? ಬಾಗಿಲು ತೆರೆದಿಡಲೇಬೇಕಾದ ಅಂಗಡಿಯವರ ಅನುಭವ ಮುಖ್ಯವಾಗಿ ಬೇಕು.