ಅಪ್‌ಡೇಟ್: ಸ್ನೋಬೋರ್ಡಿಂಗ್‌ಗೆ ಮೈ ಹುರಿ ಮಾಡಿಕೊಂಡು ಹೋಗಿ ಬಂದೆ
ಮೊದಲ ಸಲ ಸ್ನೋಬೋರ್ಡಿಂಗ್‌ಗೆ (ಹಲಗೆ ಮೇಲೆ ನಿಂತು ಹಿಮದ ಇಳಿಜಾರಲ್ಲಿ ಜಾರೋ ಆಟ) ಹೋಗ್ತಿದ್ದೀನಿ, ಯಾವ ವ್ಯಾಯಾಮ ಮಾಡಲಿ ಅಂತ ಕೇಳಿದ್ದೆನಲ್ಲ, ನಿನ್ನೆ ವಾಪಸ್ ಬಂದೆ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಮೇಲೆ ಕೂತ ಹಾಗೆ ನಿಲ್ಲಿ ಅಂದವರಿಗೆ ದೊಡ್ಡ ನಮಸ್ಕಾರ. 20 ಸೆಕೆಂಡಿಗೇ ನಡುಗ್ತಿದ್ದ ತೊಡೆ 90 ಸೆಕೆಂಡ್ ತಡೆಯೋ ಹಾಗಾಗಿತ್ತು. ಬೋರ್ಡ್‌ನ ಹಿಮ್ಮಡಿ ಕಡೆಯ ಅಂಚಲ್ಲಿ ಜಾರುವಾಗ ಬೇಕಾಗಿದ್ದು ಅದೇ ಬಲ. ದಿನಾ ಓಡಿದ್ದು ಉಸಿರಿಗೆ ಒದಗಿತು, ಕಾಲಿಗೆ ಅಷ್ಟೇನೂ ಇಲ್ಲ.

ನಾನು ಅಂದುಕೊಳ್ಳದೇ ಇದ್ದದ್ದು ಒಂದಿದೆ: ಮೊದಲ ದಿನ ಸೋತಿದ್ದು ಕಾಲಲ್ಲ, ತೋಳು. ಎರಡೂ ಪಾದ ಬೋರ್ಡ್‌ಗೆ ಬಿಗಿದಿರುತ್ತೆ, ಬಿದ್ದಾಗಲೆಲ್ಲ ಹಿಮಕ್ಕೆ ಕೈ ಊರಿ ಇಡೀ ಮೈ ಎತ್ತಬೇಕು. ಪುಷ್ ಅಪ್ ಮಾತ್ರ ಬಿಡಬೇಡಿ. ಬೀಳುವಾಗ ಮುಷ್ಟಿ ಕಟ್ಟಿ. ಅಂಗೈ ಬಿಚ್ಚಿ ಊರಿದರೆ ಪೆಟ್ಟೆಲ್ಲ ಮಣಿಕಟ್ಟಿಗೇ. ರಿಸ್ಟ್ ಗಾರ್ಡ್ (ಮಣಿಕಟ್ಟಿನ ರಕ್ಷಾಕವಚ) ಹಾಕಿದ್ದಕ್ಕೆ ನನ್ನದು ಉಳೀತು.